ಅಳತೆಬಟ್ಟಲಿನ ಮೇಣ

ಸೆನೆಟರ್ ತಿಬುರ್ಸಿಯೊ ಮೆಂದಿವಿಲ್ ಆ ಫೋಟೋವನ್ನು ಗುರುತಿಸಲಿಲ್ಲ. ನಡೆದದ್ದು ಇಷ್ಟೇ. ಅನಾಕ್ಲೆತೊ ರೋವಿರಾನ ಹಳೇ ಬಂದೂಕಿನ ಅಂಗಡಿಗೆ ಆ ಮುದುಕ ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ ಬರುತ್ತಿದ್ದ. ಬೇಡದ ಏನನ್ನಾದರೂ ಕೊಂಡು, ಸುಮ್ಮನೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ. ವೋಟಿಗಾಗಿ ಇರಬೇಕು ಎಂದು ರೋವಿರಾ ತಿಳಿದಿದ್ದ. ಈ ಸಲ ಬಂದವನು ಗೋಡೆಯ ಮೇಲಿದ್ದ ಚಿತ್ರದ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಂತು, ಕತ್ತು ಓರೆ ಮಾಡಿ, "ಯಾರ್ರೀ ಇದು? ಟ್ಯಾಂಗೋ ಹಾಡೋ ಹುಡುಗನಾ?" ಎಂದು ಕೇಳಿದ.

ನನ್ನ ಅಣ್ಣ ಎನ್ನಬೇಕಿತ್ತು. ರೋವಿರಾ ಮಾತ್ರ "ಹಳೇ ಫೋಟೋ, ಬಿಡಿ ಡಾನ್ ತಿಬುರ್ಸಿಯೊ," ಎಂದ.

ಅಣ್ಣನ ಹೆಸರು ಎಲಾದಿಯೊ. ಪತ್ರಿಕೆಗೆ ಬರೆಯುತ್ತಿದ್ದ. ಆಗಿನ್ನೂ ಮೀಸೆ ಚಿಗುರುತ್ತಿದ್ದ ಮೆಂದಿವಿಲ್‌ನನ್ನು ಒಂದು ಸಲ 'ಬಾಡಿಗೆ ನಾಲಿಗೆ' ಎಂದು ಬರೆದ. ಮೆಂದಿವಿಲ್ ದ್ವಂದ್ವಯುದ್ಧಕ್ಕೆ ಕರೆದು ಎದೆಗೆ ಗುಂಡು ಹೊಡೆದ. ಎಲಾದಿಯೊ ಮಣ್ಣಿಗೆ ಹೋದ, ಮೆಂದಿವಿಲ್ ಎಂಟೆದೆಯವನೆಂಬ ಹೆಸರು ಹೊತ್ತುಕೊಂಡು ಸೆನೆಟ್‌ಗೆ ಹೋದ. ಕೊಂದದ್ದನ್ನು ರೋವಿರಾ ಇಷ್ಟು ವರ್ಷ ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದ. ಮರೆತದ್ದನ್ನು ಹಾಕಿಕೊಳ್ಳಲು ಆಗಲಿಲ್ಲ.

ಆ ಸಂಜೆ ಅವನು ಸೋರೆಬುರುಡೆಯಲ್ಲಿ ಮಾಟೆ ಸೊಪ್ಪು ತುಂಬಿ ಬಿಸಿನೀರು ಸುರಿದುಕೊಂಡು ಕೂತ. ನಮ್ಮ ಮೊಂಟೆವಿಡಿಯೊದಲ್ಲಿ ಮಾಟೆ ಕೈಯಿಂದ ಕೈಗೆ ದಾಟಬೇಕಾದ ಪಾನೀಯ. ಒಬ್ಬ ಸುರಿಯುತ್ತಾನೆ, ಇನ್ನೊಬ್ಬ ಹೀರಿ ವಾಪಸು ಕೊಡುತ್ತಾನೆ, ನಡುವೆ ಊರಿನ ಹರಟೆಯೆಲ್ಲ ಮುಗಿಯುತ್ತದೆ. ರೋವಿರಾ ತಾನೇ ಸುರಿದು, ತಾನೇ ಹೀರಿ, ಮತ್ತೆ ತನಗೇ ಕೊಟ್ಟುಕೊಳ್ಳುತ್ತಿದ್ದ. ಅಪ್ಪ ಸತ್ತಾಗಿನಿಂದ ಹೀಗೆಯೇ. ಬೇಜಾರು ಅನ್ನುವುದು ಅವನಿಗೆ ಹಳೇ ಕೋಟಿನಂತೆ ಮೈಗೆ ಹೊಂದಿಕೊಂಡಿತ್ತು. ಅಂದು ಮಾತ್ರ ಚುಚ್ಚಿತು.

ಅವನ ಬಳಿ ಒಂದು ಪೆಟ್ಟಿಗೆ ಇತ್ತು. ಒಳಗೆ ಹಸಿರು ಬಟ್ಟೆಯ ಹಾಸು, ಹಾಸಿನಲ್ಲಿ ಒಂದು ಜೋಡಿ ಫ್ರೆಂಚ್ ಪಿಸ್ತೂಲು, ಸೀಸದ ಗುಂಡು, ಕಿಡಿ ಹೊತ್ತಿಸುವ ಕೇಪು, ಮದ್ದಿನ ಕುಪ್ಪಿ, ಮದ್ದು ಅಳೆಯಲು ಕೊಂಬಿನ ಪುಟ್ಟ ಬಟ್ಟಲು. ನಮ್ಮ ರಾಜಕಾರಣದ ಅರ್ಧ ಚರಿತ್ರೆ ಆ ಪೆಟ್ಟಿಗೆಯಲ್ಲಿದೆ ಎಂದರೆ ತಪ್ಪಲ್ಲ. ನಮ್ಮ ದೊಡ್ಡಮನುಷ್ಯರು ಬಜೆಟ್ಟಿನ ಮೇಲೆ ಜಗಳವಾಡಿದರೂ, ಬಂದರಿನ ಗುತ್ತಿಗೆಯ ಮೇಲೆ ಆಡಿದರೂ, ಯಾರೋ ಬರೆದ ಒಂದು ವಿಶೇಷಣದ ಮೇಲೆ ಆಡಿದರೂ ಕೊನೆಗೆ ಈ ಪೆಟ್ಟಿಗೆ ಕೇಳಿಕೊಂಡು ಬರುತ್ತಿದ್ದರು. ಕಾನೂನು ಅವರ ಕಡೆಗಿತ್ತು. ಮೂವರು ಹಿರಿಯರ ಗೌರವಮಂಡಳಿ ಕೂತು 'ಹೌದು, ಮಾನಕ್ಕೆ ಪೆಟ್ಟು ಬಿದ್ದಿದೆ' ಎಂದುಬಿಟ್ಟರೆ ದ್ವಂದ್ವ ಅಪರಾಧವಲ್ಲ. ಸತ್ತರೂ ಕೊಲೆಯಲ್ಲ.

ಆದರೆ ಎಲಾದಿಯೊನ ನಂತರ ಒಬ್ಬರೂ ಸತ್ತಿರಲಿಲ್ಲ, ಒಬ್ಬರಿಗೂ ಗಾಯವಾಗಿರಲಿಲ್ಲ. ಅದರ ಗುಟ್ಟು ರೋವಿರಾ ಒಬ್ಬನಿಗೇ ಗೊತ್ತಿತ್ತು. ಮಗನನ್ನು ಕೊಂದ ಪಿಸ್ತೂಲಿಗೆ ಮದ್ದು ತುಂಬಿದ್ದು ಅಪ್ಪನೇ. ಸಂಸ್ಕಾರ ಮುಗಿಸಿ ಬಂದ ಅಪ್ಪ ಅಳತೆಬಟ್ಟಲಿನ ತಳಕ್ಕೆ ಮೇಣ ಕರಗಿಸಿ ಹುಯ್ದ, ಮೇಲೆ ಮಸಿ ಬಳಿದ. ನೋಡುವವರಿಗೆ ಬಟ್ಟಲು ತುಂಬಿದಂತೆ ಕಾಣುತ್ತದೆ, ಒಳಗೆ ಹಿಡಿಯುವುದು ಚಿಟಿಕೆ ಮದ್ದು. "ಸದ್ದು ಬರ್ಲಿ, ಹೊಗೆ ಬರ್ಲಿ. ಇನ್ನೊಬ್ಬರ ಮನೆ ಮಗು ಹೋಗೋದು ಬೇಡ," ಎಂದಿದ್ದ. ಅಂದಿನಿಂದ ಗುಂಡುಗಳು ಎದುರಾಳಿಯನ್ನು ದಾಟಿ ಸ್ವಲ್ಪ ದೂರಕ್ಕೇ ಸುಸ್ತಾಗಿ ಹುಲ್ಲಿಗೆ ಬೀಳುತ್ತಿದ್ದವು. ಮನುಷ್ಯನಿಗೆ ತಾಗಿದರೂ ಕೋಟಿನ ಗುಂಡಿ ಒಡೆಯುವಷ್ಟೇ ಜೋರು ಅವಕ್ಕೆ. ದೊಡ್ಡಮನುಷ್ಯರು ಮಾನ ಉಳಿಯಿತೆಂದು ಒಟ್ಟಿಗೆ ಮಾಂಸ ಸುಟ್ಟು ತಿನ್ನಲು ಹೋಗುತ್ತಿದ್ದರು. ರೋವಿರಾನನ್ನು ಯಾರೂ ಕರೆಯುತ್ತಿರಲಿಲ್ಲ. ಅವನು ಬಿದ್ದ ಗುಂಡು ಹುಡುಕಿ ಜೇಬಿಗೆ ಹಾಕಿಕೊಂಡು, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಟ್ರಾಮಿನಲ್ಲಿ ಮನೆಗೆ ಬರುತ್ತಿದ್ದ. ದೇಶದ ಅರ್ಧ ಸೆನೆಟ್ ನನ್ನ ಕೈಯಿಂದ ಬದುಕಿದೆ ಎಂಬುದು ಅವನಿಗಿದ್ದ ಒಂದೇ ಹೆಮ್ಮೆ. ಹೇಳಿಕೊಳ್ಳಲು ಆಗದ ಹೆಮ್ಮೆ.

ಈಗ ಮಾಡಬೇಕಾದದ್ದು ಎಷ್ಟು ಕಡಿಮೆ ಎಂದು ಹೊಳೆದಾಗ ಅವನಿಗೇ ನಗು ಬಂತು. ಮೇಣ ತೆಗೆಯಬೇಕು. ಜೀವನದಲ್ಲಿ ಮೊದಲ ಸಲ ಪ್ರಾಮಾಣಿಕವಾಗಿ ಅಳೆಯಬೇಕು. ಪ್ರಾಮಾಣಿಕತೆಗೆ ಯಾವ ನ್ಯಾಯಾಧೀಶ ಶಿಕ್ಷೆ ಕೊಡುತ್ತಾನೆ?

ಉಳಿದದ್ದು ಗುರಿ ತಪ್ಪದ ಒಂದು ಕೈ. ಅದೂ ಊರಿನಲ್ಲೇ ಇತ್ತು. ಪತ್ರಿಕೆಯ ಸಂಪಾದಕ ದಾರ್ದೊ ಲುಸಾರ್ದಿ, ಗುಂಡು ಹೊಡೆಯುವ ಪಂದ್ಯಗಳಲ್ಲಿ ಪದಕ ಗೆದ್ದು ಗೆದ್ದು ಗೋಡೆ ತುಂಬಿಸಿದವನು, ಮೂಗಿನ ತುದಿಯಲ್ಲೇ ಕೋಪ. ಸೆನೆಟರನೂ ಅವನೂ ಕ್ಷೌರ ಮಾಡಿಸಿಕೊಳ್ಳುವುದು ಒಬ್ಬನೇ ಡಾನ್ ನಿಕೋಲಾನ ಬಳಿ. ನಿಕೋಲಾನ ಕಿವಿಗೆ ಬಿದ್ದದ್ದು ಊರಿಗೆ ಬಿದ್ದಂತೆ.

"ಲುಸಾರ್ದಿ ಪದಕಗಳೆಲ್ಲ ತಗಡು, ಅವರಪ್ಪ ದುಡ್ಡು ಕೊಟ್ಟು ತಂದಿದ್ದು ಅಂತ ಸೆನೆಟರ್ ಹೇಳ್ತಿದ್ರಂತಲ್ಲ?" ಎಂದ ರೋವಿರಾ, ಗಲ್ಲದ ಮೇಲೆ ನೊರೆ ಇರುವಾಗಲೇ.

"ಅಯ್ಯೋ ದೇವರೇ, ಹಂಗಂದ್ರಾ?" ನಿಕೋಲಾನ ಕತ್ತಿ ಗಾಳಿಯಲ್ಲೇ ನಿಂತಿತು. "ಆ ಮನುಷ್ಯನಿಗೆ ಯಾಕ್ರೀ ಬೇಕಿತ್ತು? ಕಣ್ಣಿಗೆ ಪೊರೆ ಬಂದು ನಾಲ್ಕಡಿ ಆಚೆಯೋರ ಮುಖ ಕಾಣಲ್ಲ. ಮೊನ್ನೆ ನನ್ನ ಟೋಪಿ ಗೂಟಕ್ಕೆ ನಮಸ್ಕಾರ ಮಾಡಿದ್ರು!"

ರೋವಿರಾ ಬೇಕಾದದ್ದನ್ನು ಮಾತ್ರ ಕೇಳಿಸಿಕೊಂಡ. ಸೆನೆಟರ್ ಯಾರಿಗೂ ಗುರಿ ಇಡಲಾರ, ಲುಸಾರ್ದಿಗೆ ಅಪಾಯವಿಲ್ಲ. ಗೋಡೆಯ ಮೇಲಿನ ಫೋಟೋ ಅವನ ನೆನಪಿಗೆ ಬರಲೇ ಇಲ್ಲ.

ಕಿಡಿ ಹತ್ತಿಕೊಂಡಿತು. ಲುಸಾರ್ದಿ ತನ್ನ ಪತ್ರಿಕೆಯಲ್ಲಿ ಸೆನೆಟರನನ್ನು 'ಕುರುಡು ಹುಂಜ' ಎಂದು ಬರೆದ. ಸೆನೆಟರ್ ದ್ವಂದ್ವಕ್ಕೆ ಕರೆ ಕಳಿಸಿದ. ಗೌರವಮಂಡಳಿ ಮಧ್ಯಾಹ್ನವಿಡೀ ಕೂತು, ಹುಂಜ ಎಂದರೆ ಬೈಗುಳವಲ್ಲ, ಕುರುಡು ಎಂದರೆ ಹೌದು ಎಂದು ತೀರ್ಪು ಕೊಟ್ಟಿತು.

ಆ ಭಾನುವಾರ ರೋವಿರಾ ಸೂಜಿ ಕಾಯಿಸಿ ಮೇಣವನ್ನು ಎಬ್ಬಿಸಿ ತೆಗೆದ. ಅಪ್ಪನ ಕೈಯ ಮೇಣದ ವಾಸನೆ ಅಂಗಡಿಯೆಲ್ಲ ಹರಡಿದರೂ ಅವನು ನಿಲ್ಲಿಸಲಿಲ್ಲ. ಊರಾಚೆ ಹೋಗಿ, ತುಂಬಿದ ಅಳತೆಯಲ್ಲಿ ಒಂದು ಹಲಗೆಗೆ ಹೊಡೆದು ನೋಡಿದ. ಗುಂಡು ಹಲಗೆಯನ್ನು ತೂರಿಕೊಂಡು ಆಚೆ ಹೋಯಿತು. ಇನ್ನೊಂದು ಸಂಗತಿಯೂ ತಿಳಿಯಿತು. ದ್ವಂದ್ವ ಮುಗಿದ ಮೇಲೆ ಹುಲ್ಲಿನಲ್ಲಿ ಅವನು ಹುಡುಕುತ್ತಿದ್ದ ಗುಂಡುಗಳು ಯಾವಾಗಲೂ ಒಂದೇ ಕಡೆ, ಎಡಕ್ಕೆ ಸಿಗುತ್ತಿದ್ದವು. ನಳಿಗೆ ಸ್ವಲ್ಪ ಎಡಕ್ಕೆ ಎಳೆಯುತ್ತದೆ ಎಂದುಕೊಂಡಿದ್ದ. ಹಾಗೇನಿರಲಿಲ್ಲ, ಗುರಿ ಇಟ್ಟ ಕಡೆಗೇ ಹೋಗುತ್ತಿತ್ತು. ಒಳ್ಳೆಯದೇ ಆಯಿತು ಎಂದುಕೊಂಡು ಪಿಸ್ತೂಲು ಒರೆಸಿಟ್ಟ. ಎಲ್ಲಿಗೆ ಹೋಗಿದ್ದೆ ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಪೆಟ್ಟಿಗೆ ಗೊತ್ತುಮಾಡಲು ಸೆನೆಟರನ ಪರವಾಗಿ ಡಾಕ್ಟರ್ ಇರಾಲಾ ಬಂದ. ಹಳಬ, ಬಾಯಿಬಡುಕ. ಇಂಥ ಎಷ್ಟೋ ಬೆಳಗುಗಳನ್ನು ರೋವಿರಾನ ಜೊತೆ ಕಂಡವನು, ಹೆಸರು ಹಿಡಿದು ಕರೆದದ್ದು ಮಾತ್ರ ಕಡಿಮೆ.

"ಏನ್ರೀ, ನಿಮ್ಮ ಹಳೇ ಮುದುಕಿಯರಿಗೆ ಮತ್ತೆ ಕೆಲಸ ಬಂತು."

"ರೆಡಿ ಇದಾವೆ, ಡಾಕ್ಟ್ರೇ."

"ಅದೇ ತೋಟ, ಅದೇ ಜಾಗ. ಪಾಪ, ಆ ನೀಲಗಿರಿ ಮರಕ್ಕೆ ಮೊದಲೇ ಹೇಳಿಬಿಡಿ, ಡಾನ್ ತಿಬುರ್ಸಿಯೊ ಬರ್ತಿದಾರೆ ಅಂತ. ಸುಣ್ಣ ಬಳ್ಕೊಂಡು ಕಾಯ್ತಾ ನಿಂತಿರ್ಲಿ!" ಇರಾಲಾ ತನ್ನ ಮಾತಿಗೆ ತಾನೇ ನಕ್ಕ.

ಡಾಕ್ಟರ ಹಾಸ್ಯ ರೋವಿರಾನಿಗೆ ಎಂದೂ ಅರ್ಥವಾದದ್ದಿಲ್ಲ. ಈ ಜನರ ಹಾಸ್ಯವೆಲ್ಲ ಆ ಸುಟ್ಟ ಮಾಂಸದ ಊಟದಲ್ಲಿ ಹುಟ್ಟುವಂಥದ್ದು, ಅಲ್ಲಿಗೆ ಹೋಗದವನಿಗೆ ಎಲ್ಲಿ ತಿಳಿಯಬೇಕು? ಅವನು ಮರ್ಯಾದೆಗೆ ನಕ್ಕ.

ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿತ್ತು. ನಾಣ್ಯ ಚಿಮ್ಮಿದರು. ಸೆನೆಟರನಿಗೆ ರಸ್ತೆಯ ಕಡೆ ಬಂತು, ಲುಸಾರ್ದಿಗೆ ನೀಲಗಿರಿ ಮರದ ಕಡೆ. ರೋವಿರಾ ಎರಡೂ ಕಡೆಯವರ ಎದುರಿಗೇ ಬಟ್ಟಲು ತುಂಬಿಸಿದ. ಎಲ್ಲರೂ ಬಗ್ಗಿ ನೋಡಿದರು, ತಲೆ ಆಡಿಸಿದರು. ಮದ್ದು ಇಳಿಸಿ, ಗುಂಡು ಇಳಿಸಿ, ನಳಿಗೆಯೊಳಗೆ ಕಡ್ಡಿಯಿಂದ ಒತ್ತಿ, ಕೇಪು ಕೂರಿಸಿದ. ಪಿಸ್ತೂಲು ತೆಗೆದುಕೊಳ್ಳುವಾಗ ಸೆನೆಟರನ ಬೆರಳು ಅವನ ಬೆರಳಿಗೆ ತಾಗಿತು, ತಣ್ಣಗಿತ್ತು.

"ರೋವಿರಾ ತಾನೇ?" ಎಂದ ಮುದುಕ, ಅವನ ಮುಖ ಇರಬೇಕಾದ ಕಡೆ ನೋಡುತ್ತ. "ಸದ್ದಿನ ಮೇಲೆ ಗುರುತು ಹಿಡಿದೆ. ನಿಮ್ಮ ತಂದೆಯೂ ಹೀಗೇ ಉಸಿರು ಬಿಡ್ತಿದ್ರು. ನಿಮ್ಮ ಹತ್ರ ಒಂದು ಮಾತು ಹೇಳೋದಿದೆ, ಕಣಯ್ಯ. ಪ್ರತಿ ವರ್ಷ ಹೇಳೋಣ ಅಂತ ಬರ್ತೀನಿ, ಬಾಯೇ ಬರಲ್ಲ. ಇವತ್ತು ಊಟಕ್ಕೆ ನಮ್ಜೊತೆ ಬನ್ನಿ."

ರೋವಿರಾನನ್ನು ಊಟಕ್ಕೆ ಬನ್ನಿ ಎಂದು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ. ಒಂದು ಕ್ಷಣ, ಒಂದೇ ಕ್ಷಣ, ಮದ್ದು ಒದ್ದೆಯಾಗಿದೆ, ಮತ್ತೆ ತುಂಬುತ್ತೇನೆ ಎನ್ನಲೇ ಎಂದು ಬಾಯಿ ತೆರೆದ. ಅಷ್ಟರಲ್ಲಿ ಇರಾಲಾ, "ದಯವಿಟ್ಟು ಎಲ್ಲರೂ ನಿಮ್ನಿಮ್ಮ ಜಾಗಕ್ಕೆ," ಎಂದು ಕೂಗಿದ. ಡಾಕ್ಟರು, ಪಂಚರು ಒಂದು ಗುಂಪಾಗಿ ಬೇಲಿಯ ಹತ್ತಿರ ಹೋದರು. ಆ ಗುಂಪಿನಲ್ಲಿ ಅವನಿಗೆ ಎಂದೂ ಜಾಗ ಇರಲಿಲ್ಲ. ತನ್ನ ಮಾಮೂಲು ಜಾಗಕ್ಕೆ ಹೋಗಿ, ಲುಸಾರ್ದಿಯ ಹಿಂದೆ ಒಂದು ಪಕ್ಕಕ್ಕಿದ್ದ, ಬಿಳಿಚಿದ ಕಾಂಡದ ನೀಲಗಿರಿ ಮರಕ್ಕೆ ಬೆನ್ನು ಕೊಟ್ಟು ನಿಂತ. ಇಷ್ಟು ವರ್ಷಗಳಿಂದ ಅಲ್ಲೇ ನಿಂತದ್ದು, ಕೂದಲೂ ಕೊಂಕಿರಲಿಲ್ಲ.

"ಹೊಡೀಬಹುದು! ಒಂದು..." ಎಂದು ಪಂಚರಲ್ಲೊಬ್ಬ ಎಣಿಸತೊಡಗಿದ.

ಲುಸಾರ್ದಿ ತಕ್ಷಣವೇ ಹೊಡೆದ, ತನ್ನ ಕಾಲಿನ ಮುಂದಿನ ನೆಲಕ್ಕೆ. ಮಣ್ಣು ಎದೆಯೆತ್ತರ ಹಾರಿತು. ಬೇಲಿಯ ಹತ್ತಿರ ಯಾರೋ "ಅಬ್ಬಾ!" ಎಂದರು. ಕಣ್ಣು ಕಾಣದವನಿಗೆ ಗುರಿ ಇಡಲು ಆ ಪದಕದ ಮನುಷ್ಯನಿಗೆ ಮನಸ್ಸು ಬಂದಿರಲಿಲ್ಲ. ರೋವಿರಾನಿಗೆ ಆದದ್ದು ನಿರಾಸೆಯೋ ನೆಮ್ಮದಿಯೋ ಅವನಿಗೇ ತಿಳಿಯಲಿಲ್ಲ.

"...ಎರಡು..." ಸೆನೆಟರ್ ಪಿಸ್ತೂಲು ಎತ್ತಿದ. ಲುಸಾರ್ದಿಯ ಮೇಲೆ ಅದು ಕ್ಷಣವೂ ನಿಲ್ಲಲಿಲ್ಲ. ಎಡಕ್ಕೆ ಸರಿಯಿತು, ಸಲೀಸಾಗಿ, ಅಭ್ಯಾಸವಾದ ಕೈಯಂತೆ. ಬಿಳಿಯದೊಂದನ್ನು ಹುಡುಕುತ್ತ ಬಂದು ನಿಂತಿತು. "ನೋಡ್ರೀ, ಮತ್ತೆ ಮರಕ್ಕೇ!" ಎಂದು ಇರಾಲಾ ಪಕ್ಕದವನಿಗೆ ಹೇಳುವುದು ಕೇಳಿಸಿತು. "ಆ ರೋವಿರಾ ಹುಡುಗ ಸತ್ತಾಗಿಂದ ಇವರು ಮನುಷ್ಯನಿಗೆ ಗುರಿ ಇಟ್ಟವರೇ ಅಲ್ಲ. ಇವರನ್ನ ನೋಡಿ ಉಳಿದೋರೂ ಅದನ್ನೇ ಕಲಿತ್ರು." ಹುಲ್ಲಿನಲ್ಲಿ ಯಾವಾಗಲೂ ಎಡಕ್ಕೇ ಸಿಗುತ್ತಿದ್ದ ಗುಂಡುಗಳು ರೋವಿರಾನ ಕಣ್ಣ ಮುಂದೆ ಬಂದವು. ಅವೆಲ್ಲ ಈ ಮರಕ್ಕೆ ಹೊರಟು, ಅಪ್ಪನ ಮೇಣದ ದೆಸೆಯಿಂದ ಮರ ಮುಟ್ಟದೆ ಬಿದ್ದವು. ಊಟಕ್ಕೆ ಹೋದವರಿಗೆಲ್ಲ ಗೊತ್ತಿದ್ದದ್ದು, ಅವನೊಬ್ಬನಿಗೆ ಯಾರೂ ಹೇಳಿರಲಿಲ್ಲ. ಬೇರೆ ಕಡೆ ಗುರಿ ಇಟ್ಟ ನಳಿಗೆಯ ಬಾಯಿ ನಮಗೆ ಮೊಟ್ಟೆಯಂತೆ ಉದ್ದಕ್ಕೆ ಕಾಣುತ್ತದೆ ಎಂದು ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದ. ಈಗ ಸೆನೆಟರನ ನಳಿಗೆಯ ಬಾಯಿ ಪೂರ್ತಿ ದುಂಡಗಿತ್ತು.