ಮಕ್ಕಳ ಪ್ಯಾರಾಕ್ಕೆ ಇಳಿದ ಡೋಸ್

"ಸ್ವಿಚ್ಚಿಂದ ಕೈ ತೆಗೀರಿ ಅತ್ತಿಗೆ! ಇಲ್ಲಾಂದ್ರೆ ಸ್ಪ್ಯಾನರ್ ಬೀಳತ್ತೆ!"

ಹಾಗೆ ಕೂಗಿದವನು ಪ್ರೆಸ್ಸಿನ ಫೋರ್‌ಮನ್. ನನ್ನ ಸ್ವಂತ ಮೈದುನ!

ಅವನ ಕೈಯಲ್ಲಿ ಸ್ಪ್ಯಾನರ್. ನನ್ನ ಹತ್ತಿರ ಏದುಸಿರು ಮಾತ್ರ. ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿದಿತ್ತು.

ಭಾರೀ ಡೇಂಜರಸ್ ಹೆಂಗಸು ನಾನು...

ಕಂಪ್ಯೂಟರಿಗೆ ಹಾಕುವ ಪಠ್ಯದಲ್ಲಿ ಯಾವ ಭಾಗ ಏನೆಂದು ತಿಳಿಸುವ ಗುರುತೇ ಟ್ಯಾಗ್; ಅದನ್ನು ಹಾಕುವುದು ಹೇಗೆಂದು ಹೇಳುವ ಸ್ಟ್ಯಾಂಡರ್ಡ್ ಎಂಬ ನಿಯಮಗಳ ಪುಸ್ತಕ ಒಂದಿದೆ. ಅದರ ಸಮಿತಿಯ ಆಫೀಸು ಪ್ರೆಸ್ಸಿನ ಮೇಲ್ಮಹಡಿಯಲ್ಲಿ. ಯಾರ ಟ್ಯಾಗ್ ಎಡವಿದರೂ ಹಿಡಿಯುವುದು ನನ್ನ ಕೆಲಸ. ಆ ಬೆಳಿಗ್ಗೆ, ಕೆಳಗೆ ಅಚ್ಚಾಗುತ್ತಿದ್ದ ಜ್ವರದ ಸಿರಪ್ ಚೀಟಿಯ ಸ್ಯಾಂಪಲ್ ಕಣ್ಣಿಗೆ ಬಿತ್ತು.

ಓದಿದವಳೇ ಕೆಳಗೆ ಓಡಿದೆ!

ಇಡೀ ಚೀಟಿಯನ್ನು ಸುತ್ತುವ ಹೊರಗಿನ ಟ್ಯಾಗ್‌ಗೆ 'ದೊಡ್ಡವರಿಗೆ' ಎಂಬ ಆಟ್ರಿಬ್ಯೂಟ್, ಅಂದರೆ ಯಾರ ಡೋಸ್ ತುಂಬಬೇಕೆಂಬ ಸೂಚನೆ, ಇತ್ತು. ಒಳಗಿನ ಟ್ಯಾಗ್ ಬೇರೆ ಹೇಳದಿದ್ದರೆ ಅದು ಒಳಗೂ ಇಳಿಯುತ್ತದೆ. ಟೈಪ್ ಮಾಡಿದಾಕೆ, ಖಾಲಿ ಬಿಟ್ಟರೆ ಖಾಲಿಯೇ ಇರುತ್ತದೆ ಎಂದುಕೊಂಡು, ಮಕ್ಕಳ ಪ್ಯಾರಾಕ್ಕೆ ಏನೂ ಹಾಕಿರಲಿಲ್ಲ. ಕಂಪ್ಯೂಟರ್ ಅಲ್ಲಿಗೂ ದೊಡ್ಡವರ ಡೋಸ್ ತುಂಬಿತ್ತು.

"ಬಂದ ಫೈಲ್ ಪ್ರಿಂಟ್ ಮಾಡೋದಷ್ಟೇ ನನ್ನ ಕೆಲಸ!" ಎಂದ ಮೈದುನ.

"ನಿನ್ನ ಮಗಳಿಗೆ ಜ್ವರ ಬಂದ್ರೆ ಈ ಚೀಟಿ ನೋಡಿ ಕುಡಿಸ್ತೀಯೇನೋ?"

ಸ್ಪ್ಯಾನರ್ ಕೆಳಗಿಳಿಯಿತು.

ನಾನು ಹಲ್ಲುಕಚ್ಚಿ ಸ್ವಿಚ್ ಒತ್ತಿದೆ.

ಫ್ಯಾನ್ ನಿಂತಿತು!

"ಅದಲ್ಲ ಅತ್ತಿಗೆ... ಇದು." ಮೆಷಿನ್ನನ್ನು ಅವನೇ ನಿಲ್ಲಿಸಿದ.

ಅಷ್ಟರಲ್ಲಿ ಹೊರಗೆ ಲಾರಿ ಗುರ್ರೆಂದಿತು. ಅಚ್ಚಾದ ಬಂಡಲ್‌ಗಳೆಲ್ಲ ಅದರಲ್ಲಿದ್ದವು!

ಓಡಿದೆ. ಬೇರೆಯವರಾದರೆ ಲಾರಿಗೆ ಹಾರುತ್ತಿದ್ದರು. ನಾನು ಎದುರು ನಿಂತು ಎರಡೂ ಕೈ ಎತ್ತಿದೆ. ಅದು ನಿಲ್ಲಿಸಲಿಕ್ಕೋ, ಶರಣಾಗಲಿಕ್ಕೋ... ನನಗೂ ಗೊತ್ತಿಲ್ಲ.

ಬ್ರೇಕ್ ಕಿರುಚಿತು. ಬಂಪರ್ ಮೂಗಿನ ಹತ್ತಿರ!

"ಅಮ್ಮಾ, ಸಾಯಕ್ಕೆ ನನ್ನ ಲಾರೀನೇ ಬೇಕಿತ್ತಾ?" ಡ್ರೈವರ್ ಗದರಿದ.

"ಮೊದಲು ಬಂಡಲ್ ಇಳಿಸಪ್ಪ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

ಬೆವರೊರೆಸುತ್ತ ಸಮಿತಿಯ ಅಧ್ಯಕ್ಷರು ಮೇಲ್ಮಹಡಿಯಿಂದ ಇಳಿದು ಬಂದರು. ವಿಷಯ ಹೇಳಿದೆ.

"ಹೊರಗಿನ ಆಟ್ರಿಬ್ಯೂಟ್ ಒಳಗೂ ಇಳಿಯುತ್ತೆ ಅಂತ ಸ್ಟ್ಯಾಂಡರ್ಡಿನ ಪೀಠಿಕೆಯಲ್ಲೇ ಬರೆದಿದೀವಲ್ರೀ!"

"ಪೀಠಿಕೆ ಯಾರು ಓದ್ತಾರೆ ಸರ್? ತಮಗೆ ಬೇಕಾದ ಪುಟ ತೆಗೀತಾರೆ, ನೋಡ್ತಾರೆ, ಮುಚ್ತಾರೆ. ಆ ಪುಟದಲ್ಲಿ ಈ ವಿಷಯ ಒಂದಕ್ಷರ ಇಲ್ಲ!"

"ಹೇಳಿದ್ದನ್ನೇ ಪುಟಪುಟಕ್ಕೂ ಹೇಳಿದ್ರೆ ಚೆನ್ನಾಗಿರಲ್ಲ."

"ಗ್ಯಾಸ್ ಆಫ್ ಮಾಡಿ ಅಂತ ಮನೇಲಿ ದಿನಾ ಹೇಳ್ತೀನಿ ಸರ್. ಚೆನ್ನಾಗಿರಲಿ ಅಂತ ಅಲ್ಲ. ಮನೆ ಉರೀಬಾರದು ಅಂತ!"

ಡ್ರೈವರ್ ಕಿಸಕ್ಕೆಂದ. ಅಧ್ಯಕ್ಷರು ಒಂದು ಚೀಟಿ ಎತ್ತಿಕೊಂಡು ಮಕ್ಕಳ ಪ್ಯಾರಾ ಓದಿದರು. ಮತ್ತೊಮ್ಮೆ ಓದಿದರು.

"ಪ್ರತಿ ಆಟ್ರಿಬ್ಯೂಟಿನ ಪುಟದಲ್ಲೂ ಹಾಕ್ಬೇಕು," ಎಂದರು ಮೆಲ್ಲಗೆ. "ಒಳಗೆ ಇಳಿಯುತ್ತಾ, ಇಲ್ವಾ... ಖಾಲಿ ಬಿಟ್ರೆ ಏನಾಗುತ್ತೆ... ಎಲ್ಲಾ."

"ಹಾಕೋರು ಯಾರು ಸರ್?"

ಎಲ್ಲರೂ ನನ್ನನ್ನೇ ನೋಡಿದರು. ಡ್ರೈವರ್ ಕೂಡ!

ಪ್ರಾಣ ಪಣಕ್ಕಿಟ್ಟು ಗೆದ್ದೆ ಕಣ್ರೀ... ಟೈಪಿಂಗ್ ಕೆಲಸ!