ಅಂಗಾಲಿಗೆ ಔಡಲೆಣ್ಣೆ

ಹೇಳಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದನ್ನೇ ಹೇಳುತ್ತೇನೆ. ಗಂಡನಿಗೆ ಲಕ್ವಾ ಹೊಡೆದ ಮೇಲೆ ಅವರ ಆರೈಕೆಯಲ್ಲಿ ನನ್ನ ನಿದ್ದೆ ಹಾರಿಹೋಗಿತ್ತು. ನನ್ನ ಅವಸ್ಥೆ ನೋಡಲಾಗದೆ ಅಕ್ಕ ದೇವಕ್ಕ ಒಂದು ದಿನ ಯರಗಟ್ಟಿಯ ತನ್ನ ಮನೆಗೆ ಕರೆಸಿಕೊಂಡಳು. ಗಂಡನ ಹತ್ತಿರ ನಾದಿನಿಯನ್ನು ಬಿಟ್ಟು ಹೋದೆ.

ಊಟವಾದ ಮೇಲೆ ಒಳಕೋಣೆಯಲ್ಲಿ ಮಲಗಿದೆ. ಮಂಪರು ಹತ್ತುವಾಗ ಯಾರೋ ನನ್ನ ಅಂಗಾಲಿಗೆ ಔಡಲೆಣ್ಣೆ ತಿಕ್ಕತೊಡಗಿದರು. ಬೇಸಿಗೆಯ ಮಧ್ಯಾಹ್ನದಲ್ಲೂ ಆ ಕೈ ಹರವಿಯ ನೀರಿನಷ್ಟು ತಣ್ಣಗಿತ್ತು. ಬಳೆಗಳ ಸಪ್ಪಳವಿರಲಿಲ್ಲ.

‘ಅಕ್ಕಾ, ಇನ್ನಾ ಸ್ವಲ್ಪ ತಿಕ್ಕ’ ಎಂದೆ.

ಎದ್ದಾಗ ಸಂಜೆಯಾಗಿತ್ತು. ಅಕ್ಕ ಆಗತಾನೇ ಬಾಗಿಲ ಕೀಲಿ ತೆಗೆದು ಕಾಯಿಪಲ್ಲೆಯ ಚೀಲದೊಂದಿಗೆ ಒಳಬಂದಳು.

‘ನಿನ್ನ ನಿದ್ದಿ ಕೆಡಬಾರದಂತ ನೀ ಮಲಗಿದ ಕೂಡ್ಲೆ ಕೀಲಿ ಹಾಕ್ಕೊಂಡ ಪ್ಯಾಟಿಗೆ ಹೋಗಿದ್ದೆ. ಇದೇನ, ಔಡಲೆಣ್ಣಿ ವಾಸನಿ ಬರಾಕತ್ತೈತಿ? ನಮ್ಮನ್ಯಾಗ ಆ ಎಣ್ಣಿನ ಇಲ್ಲಲ್ಲವಾ!’

ಸೀರೆಯ ಅಂಚಿನಿಂದ ಪಾದ ಮುಚ್ಚಿಕೊಂಡೆ. ಹೆದರಬೇಕಿತ್ತು. ಆದರೆ ನನ್ನ ತಲೆಯಲ್ಲಿದ್ದದ್ದು ಮತ್ತೆ ಇಲ್ಲಿಗೆ ಯಾವಾಗ ಬರಲಿ ಎಂಬುದೊಂದೇ.

ಅಂದಿನಿಂದ ವಾರಕ್ಕೊಮ್ಮೆ ಏನಾದರೂ ನೆವ ಮಾಡಿಕೊಂಡು ಹೋಗುತ್ತೇನೆ. ಮನೆಯಲ್ಲೂ ಈಗ ಕಣ್ತುಂಬ ನಿದ್ದೆ ಬರುತ್ತದೆ, ಗಂಡನ ಮೇಲೆ ಸಿಡುಕುವುದೂ ನಿಂತಿದೆ. ನಿದ್ದೆಯಿಲ್ಲದಿರುವುದು ಅಕ್ಕನಿಗೆ. ಅಂಗಾಲು ಉರಿಯುತ್ತದೆ ಎಂದು ಬೆಳಗಿನತನಕ ಕೂತೇ ಇರುತ್ತಾಳಂತೆ. ಕಣ್ಣುಗಳು ಗುಳಿಬಿದ್ದಿವೆ.

ಹೋದ ವಾರ ನನ್ನ ಕೈ ಹಿಡಿದು ಕೇಳಿದಳು: ‘ಶೈಲಾ, ನಿನಗ ಹೆಂಗವಾ ನಿದ್ದಿ ಬರಾಕ ಹತ್ತಿತು? ನನಗೂ ಹೇಳ.’

ಅವಳ ಮುಖ ನೋಡಲಾಗಲಿಲ್ಲ. ‘ಚಾ ಬಿಟ್ಟೆ, ಅಕ್ಕಾ’ ಎಂದು ಸುಳ್ಳು ಹೇಳಿ, ಒಳಕೋಣೆಗೆ ಹೋಗಿ ಕಾಲು ಚಾಚಿ ಮಲಗಿದೆ.