ಕಾಲುವೆಗೆ ಇಳಿದವನು

ಮಂಗಳವಾರ ಬೆಳಗ್ಗೆ ಹನ್ನೊಂದೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಬಟ್ಟೆ ಸೊಂಟದವರೆಗೂ ಕಪ್ಪಾಗಿತ್ತು. ಪರಿಸರ ಇಲಾಖೆಯ ಅಧಿಕಾರಿ. ಕಲ್ಲಿದ್ದಲು ಗಣಿಯ ತಪಾಸಣೆಗೆಂದು ಸಹಾಯಕನ ಜೊತೆ ಬಂದಿದ್ದರು. ಈಗ ಒಬ್ಬರೇ ಇದ್ದರು.

"ಕೊಚ್ಕೊಂಡು ಹೋದ," ಎಂದರು.

ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಟ್ಟ. "ಯಾರು ಮೇಡಂ? ಎಲ್ಲಿ?"

"ನನ್ನ ಸಹಾಯಕ. ಗಣಿ ಕಾಲುವೇಲಿ ನೀರಿನ ಮಾದರಿ ತೆಗೀತಿದ್ದ. ಮೇಲಿನ ಕೊಳದ ತೂಬು ತೆರ್ಕೊಂಡ್ಬಿಡ್ತು. ಕೆಳಗೆ ಸೇತುವೆ ಕಂಬಕ್ಕೆ ಸಿಕ್ಕಿದ್ದಾನೆ. ಉಸಿರಿಲ್ಲ."

"ಆಗ ನೀವೆಲ್ಲಿದ್ರಿ?"

"ಮ್ಯಾನೇಜರ್ ಆಫೀಸಲ್ಲಿ. ಚಹಾ ಕುಡೀತಿದ್ದೆ."

ದೂರು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಜೀಪು ಹತ್ತಿದ. ಜೊತೆಗೆ ಅಧಿಕಾರಿ, ಇಬ್ಬರು ಕಾನ್‌ಸ್ಟೇಬಲ್‌ಗಳು, ಹೆಡ್ ಕಾನ್‌ಸ್ಟೇಬಲ್. ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಮೀಸೆ ಎಂದೇ ಹೆಸರು. ತೂಬು ತಾನಾಗಿ ಮುರಿದಿದ್ದರೆ ಅದು ಅವಘಡ. ಯಾರಾದರೂ ತೆರೆದಿದ್ದರೆ ಮಾತೇ ಬೇರೆ. ದಾರಿಯುದ್ದಕ್ಕೂ ಇನ್‌ಸ್ಪೆಕ್ಟರ್ ತಲೆಯಲ್ಲಿ ಇದ್ದದ್ದು ಇಷ್ಟೇ.

ಮೊದಲು ಸೇತುವೆ. ಶವವನ್ನು ಅಷ್ಟರಲ್ಲಿ ದಡಕ್ಕೆ ಎಳೆದಿದ್ದರು. ಮೂವತ್ತರ ಆಸುಪಾಸಿನವನು. ಮುಖದ ಮೇಲಿನ ಕೆಸರನ್ನು ಯಾರೋ ಒರೆಸಲು ಹೋಗಿ ಅರ್ಧಕ್ಕೇ ಬಿಟ್ಟಿದ್ದರು. ಇನ್‌ಸ್ಪೆಕ್ಟರ್ ತನ್ನ ಕರವಸ್ತ್ರ ತೆಗೆದು ಉಳಿದರ್ಧ ಒರೆಸಿದ. ಶವವನ್ನು ಆಸ್ಪತ್ರೆಗೆ ಸಾಗಿಸಲು ಒಬ್ಬ ಕಾನ್‌ಸ್ಟೇಬಲ್‌ನನ್ನು ಬಿಟ್ಟು ಮೇಲೆ ಹೋದರು.

ಗಣಿಯಲ್ಲಿ ಕೆಲಸ ನಿಂತಿರಲಿಲ್ಲ. ಲಾರಿಗಳು ಹೊರೆ ಹೊತ್ತು ಏರು ಹತ್ತುತ್ತಿದ್ದವು, ದೂಳು ಗಿಡದೆಲೆಗಳ ಮೇಲೆ ದಪ್ಪಗೆ ಕೂತಿತ್ತು. ಮ್ಯಾನೇಜರ್ ಓಡುತ್ತ ಬಂದ.

"ಹಳೇ ತೂಬು ಸರ್, ತುಕ್ಕು ಹಿಡಿದು ತಾನಾಗೇ ಕಿತ್ಕೊಂಡಿದೆ. ಬೀಗದ ಕೈ ನನ್ನೊಬ್ಬನ ಹತ್ರಾನೇ ಇರೋದಲ್ಲ, ಪಂಪ್ ನಡೆಸೋ ಪಂಪಣ್ಣನ ಹತ್ರಾನೂ ಇರತ್ತೆ."

ಬೀಗದ ಕೈ ವಿಚಾರ ಯಾರೂ ಎತ್ತಿರಲಿಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದು ಮೀಸೆ ಗೊಣಗಿದ.

ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ತೂಬಿನ ಕಬ್ಬಿಣದ ಬಾಗಿಲು ಎಲ್ಲೂ ಮುರಿದಿರಲಿಲ್ಲ, ಪೂರ್ತಿ ಮೇಲೆದ್ದಿತ್ತು. ಅದನ್ನೆತ್ತುವ ಚಕ್ರದ ಸರಪಳಿಯಲ್ಲಿ ಬೀಗ ಬಾಯಿಬಿಟ್ಟು ನೇತಾಡುತ್ತಿತ್ತು, ಒಡೆದ ಗುರುತಿಲ್ಲ.

"ತುಕ್ಕು ಬೀಗ ತೆಗೆದು ಚಕ್ರ ತಿರುಗಿಸಲ್ಲ, ಮ್ಯಾನೇಜರ್ರೇ," ಎಂದ ಇನ್‌ಸ್ಪೆಕ್ಟರ್. "ಕೊಳದ ಅಂಚಿನ ತನಕ ಹಸಿ ಗುರುತಿದೆ. ಅಷ್ಟು ನೀರು ಕಟ್ಟಿದ್ರಲ್ಲ, ಯಾಕೆ?"

"ತಿಳಿಯಾಗ್ಲಿ ಅಂತ. ಮಸಿಯೆಲ್ಲ ತಳಕ್ಕೆ ಕೂತ ಮೇಲೇ ಕಾಲುವೆಗೆ ಬಿಡೋದು."

ಅಷ್ಟರಲ್ಲಿ ಅಧಿಕಾರಿ ಕಾಲುವೆಯ ತಲೆಗೆ ಹೋಗಿ ಬಗ್ಗಿ ನಿಂತಿದ್ದರು. ಅಲ್ಲಿ ಪೊದೆಯ ಮರೆಯಲ್ಲೊಂದು ಕೊಳವೆ. ಅದರಿಂದ ಕನ್ನಡಿಯಂಥ ನೀರು ಇನ್ನೂ ಸುರಿಯುತ್ತಿತ್ತು.

"ಇದು ಬೋರ್‌ವೆಲ್ ನೀರು," ಎಂದರು. ಅವರ ದನಿ ಸತ್ತುಹೋಗಿತ್ತು. "ಬೆಳಗ್ಗೆ ಗಣಿ ನೀರು ಅಂತ ನನಗೆ ತೋರಿಸಿದ್ದು ಇದನ್ನೇ. ನನ್ನ ಸಹಾಯಕ ಆಗ್ಲೇ ಹೇಳಿದ, ಗಣಿ ನೀರು ಇಷ್ಟು ತಿಳಿ ಇರಲ್ಲ ಮೇಡಂ, ಕೆಳಗಿಳಿದು ತಳದ ಕೆಸರು ತೆಗೀತೀನಿ ಅಂತ. ನಾನು ಚಹಾ ಆದ್ಮೇಲೆ ನೋಡೋಣ ಅಂದೆ. ಅವನು ಕಾಯಲಿಲ್ಲ."

ಮ್ಯಾನೇಜರ್ ನೆಲ ನೋಡಿದ. ತೂಬು ತೆರೆದಾಗ ಅವನು ಅಧಿಕಾರಿಯ ಎದುರೇ ಕೂತಿದ್ದ. ಹಾಗಾದರೆ ಉಳಿದ ಬೀಗದ ಕೈ ಒಂದೇ.

ಪಂಪಣ್ಣನಿಗೆ ಐವತ್ತು ದಾಟಿತ್ತು. ಗುಂಡಿಯಲ್ಲಿ ಊರುವ ನೀರನ್ನು ಮೇಲೆತ್ತಿ ಕೊಳಕ್ಕೆ ಬಿಡುವುದು ಅವನ ಕೆಲಸ. ಪಂಪ್‌ಮನೆಯ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದ.

"ತೂಬು ತೆರ್ಕೊಂಡಾಗ ಎಲ್ಲಿದ್ದೆ?"

"ಇಲ್ಲೇ ಒಳಗೆ, ಸರ್. ನೀರು ನುಗ್ಗಿದ್ದನ್ನ ಕಿಟಕಿಯಿಂದ ನೋಡ್ದೆ."

ಇನ್‌ಸ್ಪೆಕ್ಟರ್ ಒಳಗೆ ಹೋದ. ಇದ್ದದ್ದು ಒಂದೇ ಕಿಟಕಿ. ಹೊರಗೆ ಕಂಡದ್ದು ಗಣಿಯ ಗುಂಡಿ, ಅದರ ತಳದಲ್ಲಿ ಇರುವೆಗಳಂತೆ ಲಾರಿಗಳು. ಕೊಳ ಇದ್ದದ್ದು ಬೆನ್ನ ಹಿಂದೆ, ಗೋಡೆಯ ಆಚೆ.

"ಬಾ ಪಂಪಣ್ಣ. ತೂಬು ತೋರಿಸು."

ಪಂಪಣ್ಣ ಬಂದು ಕಿಟಕಿಯ ಬಳಿ ನಿಂತ. ಹೊರಗೆ ನೋಡಿದ. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು ಕಿಟಕಿಯ ಕಟ್ಟೆ ಮೇಲಿಟ್ಟ.

"ಸುಳ್ಳು ಹೇಳಿ ಅಭ್ಯಾಸ ಇಲ್ಲ ನನಗೆ," ಎಂದ. "ಕೈಯಲ್ಲಿ ಮಾತ್ರ ಎಷ್ಟೋ ವರ್ಷದಿಂದ ಸುಳ್ಳು ಮಾಡ್ತಾ ಬಂದೆ. ತಪಾಸಣೆ ಅಂದ್ರೆ ತೂಬು ಹಾಕೋನು ನಾನೇ, ಬೋರ್‌ವೆಲ್ ಬಿಡೋನು ನಾನೇ. ಅವರ ಜೀಪು ಅತ್ತ ಹೋದ್ಮೇಲೆ ಇತ್ತ ಕರೀ ನೀರು ಬಿಡೋನೂ ನಾನೇ. ಅದು ಹರಿಯೋದು ನಮ್ಮ ಕೇರಿ ಬಾವಿ ಪಕ್ಕ."

"ಇವತ್ತು ಯಾಕೆ ತೆಗೆದೆ?"

"ಮಗಳು ಹೆರಿಗೆಗೆ ಬಂದಿದ್ಲು ಸರ್. ಕೂಸಿಗೆ ಎರೆಯೋಕೆ ನೀರು ಕಾಯಿಸಿದ್ರೆ ಹಂಡೆ ಮೇಲೆ ಕಪ್ಪು ಕೆನೆ ಕಟ್ತು. ‘ಅಪ್ಪಾ, ಈ ನೀರಲ್ಲಿ ಕೂಸನ್ನ ಹೆಂಗೆ ಮುಳುಗಿಸ್ಲಿ’ ಅಂದ್ಲು. ಹಸಿಮೈಯಲ್ಲೇ ಬಸ್ಸು ಹತ್ತಿ ಗಂಡನ ಮನೆಗೆ ಹೊರಟುಹೋದ್ಲು. ಈ ಸಲ ತಪಾಸಣೆಗೆ ಬಂದ ಅಮ್ಮಾವ್ರ ಕಣ್ಣೆದುರೇ ಕರೀ ನೀರು ಹರೀಲಿ, ನೋಡ್ಲಿ ಅಂತ ತೆಗೆದೆ. ಆಣೆ ಮಾಡ್ತೀನಿ, ಕಾಲುವೇಲಿ ಒಬ್ಬ ಇದ್ದದ್ದು ನನಗೆ ಗೊತ್ತಿರಲಿಲ್ಲ."

ಬೀಗ, ಬೀಗದ ಕೈ ಜಪ್ತಿಯಾದವು. ನೀರು ಮರೆಮಾಚಿದ್ದಕ್ಕೆ ಮ್ಯಾನೇಜರ್ ಮೇಲೆ ಬೇರೆಯೇ ದೂರನ್ನು ಅಧಿಕಾರಿ ಅಲ್ಲೇ ನಿಂತು ಬರೆದುಕೊಟ್ಟರು. ಯಾರಿಗೋ ಫೋನ್ ಮಾಡುತ್ತ ಆಫೀಸಿನತ್ತ ನಡೆದ ಮ್ಯಾನೇಜರನ್ನು ಮೀಸೆ ತಡೆದು ನಿಲ್ಲಿಸಿದ.

ಮಧ್ಯಾಹ್ನ ಮೂರಕ್ಕೆ ಪಂಪಣ್ಣನ ಬಂಧನವಾಯಿತು. ಮನೆಗೆ ಸುದ್ದಿ ಮುಟ್ಟಿಸಲು ಕಾನ್‌ಸ್ಟೇಬಲ್ ಹೋದ. ಜೀಪಿನ ಹಿಂದಿನ ಸೀಟಿನಲ್ಲಿ ಕೂತ ಮೇಲೆ ಪಂಪಣ್ಣ ಕೇಳಿದ:

"ಅವನು ಅಲ್ಲಿಗ್ಯಾಕೆ ಇಳಿದ ಸರ್? ಇಷ್ಟು ವರ್ಷದಲ್ಲಿ ಒಬ್ರೂ ಇಳಿದೋರಲ್ಲ. ದಡದಲ್ಲೇ ನಿಂತು ಬಾಟಲಿ ತುಂಬಿಸ್ಕೊಂಡು ಹೋಗ್ತಿದ್ರು."

ಹೇಳದೆ ಇರಬಹುದಿತ್ತು. ಕೋರ್ಟಿನಲ್ಲಿ ಹೇಗೂ ಕೇಳುತ್ತಾನೆ, ಅದಕ್ಕಿಂತ ಇಲ್ಲೇ ಕೇಳಲಿ ಅನ್ನಿಸಿತು ಇನ್‌ಸ್ಪೆಕ್ಟರಿಗೆ.

"ನೀರಿನ ಮೇಲೆ ಅವನಿಗೆ ಅನುಮಾನ ಬಂದಿತ್ತು, ಪಂಪಣ್ಣ. ತಳ ಕೆದಕಿ ನಿಜ ತೆಗೆಯೋಕೆ ಇಳಿದಿದ್ದ."

ಪಂಪಣ್ಣನ ತುಟಿ ಅಲುಗಿತು. "ಹಂಗಾದ್ರೆ ಇನ್ನೊಂದು ಗಳಿಗೆ ನಾನು ತಡೆದಿದ್ರೆ..." ಎಂದ. ಠಾಣೆ ಬರುವ ತನಕ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಅವು ಬೇರೆ ಯಾರದ್ದೋ ಎಂಬಂತೆ ನೋಡುತ್ತ ಕೂತಿದ್ದ.